ನಾಯಿ ತನ್ನ ಹಾಸಿಗೆಯನ್ನೇ ಒದ್ದೆ ಮಾಡುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲಗುವ ಜಾಗವನ್ನೇ ನಾಯಿ ಒದ್ದೆ ಮಾಡಿಕೊಳ್ಳುವುದು ಯಾಕೆ?

ಆರೋಗ್ಯವಾಗಿರುವ ನಾಯಿ ತಾನು ಮಲಗುವ ಜಾಗವನ್ನು ಗಲೀಜು ಮಾಡಿಕೊಳ್ಳುವುದಿಲ್ಲ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗಳ ಉಚ್ಚೆ, ಕಕ್ಕ ಎರಡನ್ನೂ ತಾಯಿಯೇ ನೆಕ್ಕಿ ಶುಚಿ ಮಾಡುತ್ತದೆ. ಕಾಲು ಬಂದ ಕೂಡಲೇ ಮರಿಗಳು ತೂರಾಡುತ್ತಲೇ ಗೂಡಿನಿಂದ ಆಚೆ ಬಂದು ಹೊಯ್ಯುತ್ತವೆ. ಇದನ್ನು ಯಾರೂ ಕಲಿಸಬೇಕಿಲ್ಲ. ಹುಟ್ಟಿನಿಂದ ಬಂದ ಇಂಥ ಅಭ್ಯಾಸ ತಪ್ಪಿದೆ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಮೂತ್ರಕೋಶದ ಬಾಯಿ ಬಿಗಿ ಕಳೆದುಕೊಂಡಿರಬಹುದು. ಮೂತ್ರದಲ್ಲಿ ಸೋಂಕು ಅಥವಾ ಕಲ್ಲು ಇರಬಹುದು. ಕಿಡ್ನಿ, ಸಕ್ಕರೆ ಕಾಯಿಲೆಯಂಥ ತೊಂದರೆಯಿಂದ ಮೂತ್ರವೇ ಜಾಸ್ತಿ ತಯಾರಾಗುತ್ತಿರಬಹುದು. ಮಂಡಿ ನೋವಿನಿಂದ ಎದ್ದು ಹೋಗಲು ಆಗದಿರಬಹುದು. ಭಯ ಇರಬಹುದು. ಅಥವಾ ಮರಿಗೆ ಇನ್ನೂ ತಡೆದುಕೊಳ್ಳುವ ಶಕ್ತಿಯೇ ಬಂದಿರಲಿಕ್ಕಿಲ್ಲ. ಇವುಗಳಲ್ಲಿ ಯಾವುದು ಎಂದು ಹುಡುಕಲು ಮೊದಲು ಒಂದು ವಿಷಯ ಗೊತ್ತಾಗಬೇಕು: ನಾಯಿ ನಿದ್ದೆಯಲ್ಲಿ ಸೋರಿಸುತ್ತಿದೆಯೋ, ಎಚ್ಚರ ಇದ್ದಾಗ ಹೊಯ್ಯುತ್ತಿದೆಯೋ? ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಬೇಕಂತಲೇ ಮಾಡುತ್ತಿದೆ, ಹಟಕ್ಕೆ ಮಾಡುತ್ತಿದೆ ಅನಿಸುತ್ತದೆ. ನಿಜವೇ?

ಅಲ್ಲ. ನಿಮ್ಮ ಮೇಲಿನ ಸಿಟ್ಟಿಗೆ ನಾಯಿ ತನ್ನ ಹಾಸಿಗೆ ಒದ್ದೆ ಮಾಡಿಕೊಳ್ಳುವುದಿಲ್ಲ. ನೀವು ಬಂದಾಗ ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುರಿಕೊಂಡರೆ ಅದು ತಪ್ಪೊಪ್ಪಿಗೆ ಅಲ್ಲ. ನಿಮ್ಮ ಮುಖ, ದನಿ ನೋಡಿ ಹೆದರಿಕೊಂಡಿದೆ, ಅಷ್ಟೇ.

ನಿದ್ದೆಯಲ್ಲಿ ಸೋರಿದ್ದೋ, ಎಚ್ಚರದಲ್ಲಿ ಹೊಯ್ದದ್ದೋ ಎಂದು ಹೇಗೆ ತಿಳಿಯುವುದು?

ಒದ್ದೆ ಎಲ್ಲಿದೆ ಎಂದು ನೋಡಿ. ನಿದ್ದೆಯಲ್ಲಿ ಸೋರಿದರೆ ನಾಯಿಯ ಸೊಂಟ ಇದ್ದ ಜಾಗದಲ್ಲಿ ಮಾತ್ರ ಒದ್ದೆ ಇರುತ್ತದೆ. ಹಿಂದೊಡೆಯ ಒಳಬದಿಯ ಕೂದಲು, ಬಾಲದ ಬುಡ ಅಂಟಂಟಾಗಿರುತ್ತದೆ. ಎಚ್ಚರದಲ್ಲಿ ಹೊಯ್ದಿದ್ದರೆ ಒದ್ದೆ ದೊಡ್ಡದಾಗಿ ಹರಡಿರುತ್ತದೆ, ನಾಯಿಯ ಮೈ ಒಣಗಿರುತ್ತದೆ, ನಾಯಿ ಬೇರೆಲ್ಲೋ ಹೋಗಿ ಮಲಗಿರುತ್ತದೆ.

ನಮ್ಮ ಚುಕ್ಕಿ ಬೀದಿಯಿಂದ ಬಂದವಳು. ಬರುವಾಗಲೇ ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣದ ಆಪರೇಷನ್ ಆಗಿತ್ತು. ಅವಳಿಗೆ ಈ ತೊಂದರೆ ಶುರುವಾದಾಗ ಬಲಮಗ್ಗುಲಲ್ಲಿ ಗಾಢ ನಿದ್ದೆ ಮಾಡಿ ಎದ್ದರೆ ಅಂಗೈ ಅಗಲದ ಒದ್ದೆ ಇರುತ್ತಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗೆ. ವಾಸನೆಯೂ ಅಷ್ಟಾಗಿ ಇಲ್ಲ. ಅವಳು ಎದ್ದು ಆ ಜಾಗವನ್ನು ಮೂಸಿ, ಸ್ವಲ್ಪ ಹೊತ್ತು ನೋಡಿ, ನೆಕ್ಕಿ, ಆಮೇಲೆ ಹಾಸಿಗೆ ಬಿಟ್ಟು ಬರಿ ನೆಲದ ಮೇಲೆ ಹೋಗಿ ಮಲಗುತ್ತಿದ್ದಳು. ತಾನು ಮಾಡಿದ್ದು ಎಂದು ಅವಳಿಗೇ ಗೊತ್ತಿರಲಿಲ್ಲ.

ರಾತ್ರಿ ನೋಡಲು ಆಗದಿದ್ದರೆ ಹಳೇ ಮೊಬೈಲನ್ನು ಹಾಸಿಗೆ ಕಡೆ ತಿರುಗಿಸಿ ವಿಡಿಯೊ ಆನ್ ಮಾಡಿಡಿ. ಆ ವಿಡಿಯೊವನ್ನು ವೈದ್ಯರಿಗೂ ತೋರಿಸಿ. ಬಾಯಲ್ಲಿ ಹೇಳುವುದಕ್ಕಿಂತ ಅದರಿಂದ ಅವರಿಗೆ ಬೇಗ ತಿಳಿಯುತ್ತದೆ.

ಆಪರೇಷನ್ ಆದ ಹೆಣ್ಣುನಾಯಿ, ಮೊದಲೆಲ್ಲ ಸರಿಯಾಗಿತ್ತು. ಈಗ ಮಲಗಿದಾಗ ಮಾತ್ರ ಸೋರುತ್ತದೆ. ಏನಿದು?

ಬೆಳೆದ ನಾಯಿಗಳಲ್ಲಿ ಹಾಸಿಗೆ ಒದ್ದೆಯಾಗಲು ಬಹಳ ಸಾಮಾನ್ಯವಾದ ಕಾರಣ ಇದೇ. ಮೂತ್ರನಾಳದ ಬಾಯಲ್ಲಿ ಉಂಗುರದಂತೆ ಒಂದು ಸ್ನಾಯು ಇರುತ್ತದೆ. ಅದು ಬಿಗಿಯಾಗಿರಲು ಈಸ್ಟ್ರೋಜನ್ ಹಾರ್ಮೋನಿನ ನೆರವು ಬೇಕು. ಅಂಡಾಶಯ ತೆಗೆದ ಮೇಲೆ ಆ ಹಾರ್ಮೋನ್ ಕಡಿಮೆಯಾಗುತ್ತದೆ, ಸ್ನಾಯು ಸಡಿಲವಾಗುತ್ತದೆ. ವಾಷರ್ ಸವೆದ ನಲ್ಲಿಯ ಹಾಗೆ. ಎಚ್ಚರ ಇರುವಾಗ ನಾಯಿ ಹೇಗೋ ಹಿಡಿದುಕೊಳ್ಳುತ್ತದೆ. ಗಾಢ ನಿದ್ದೆ ಬಂದು ಮೈ ಸಡಿಲಬಿಟ್ಟಾಗ ಸೋರುತ್ತದೆ.

ಆಪರೇಷನ್ ಆದ ಕೆಲವು ತಿಂಗಳಲ್ಲೂ ಶುರುವಾಗಬಹುದು, ಎಷ್ಟೋ ವರ್ಷದ ಮೇಲೂ ಆಗಬಹುದು. 20 ಕೆಜಿಗಿಂತ ಹೆಚ್ಚು ತೂಕದ ನಾಯಿಗಳಲ್ಲಿ, ಅದರಲ್ಲೂ ಡಾಬರ್‌ಮನ್, ರಾಟ್‌ವೀಲರ್, ಬಾಕ್ಸರ್ ತಳಿಗಳಲ್ಲಿ ಜಾಸ್ತಿ. ಬೊಜ್ಜು ಬಂದರೆ ಸೋರುವುದು ಇನ್ನೂ ಹೆಚ್ಚುತ್ತದೆ. ಹಾಗಾಗಿ ತೂಕ ಇಳಿಸುವುದೂ ಚಿಕಿತ್ಸೆಯ ಭಾಗ.

ಇದಕ್ಕೆ ಒಳ್ಳೆಯ ಔಷಧಗಳಿವೆ. ಫಿನೈಲ್‌ಪ್ರೊಪನೊಲಮೈನ್ ಆ ಸ್ನಾಯುವನ್ನು ಬಿಗಿ ಮಾಡುತ್ತದೆ. ಈಸ್ಟ್ರಿಯಾಲ್ ಹಾರ್ಮೋನಿನ ಕೊರತೆ ತುಂಬುತ್ತದೆ. ಮೊದಲನೆಯದು ರಕ್ತದೊತ್ತಡ ಏರಿಸಬಹುದು, ಆದ್ದರಿಂದ ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಎರಡನೆಯದು ಆಪರೇಷನ್ ಆದ ಹೆಣ್ಣುನಾಯಿಗಳಿಗೆ ಮಾತ್ರ. ಯಾವುದು, ಎಷ್ಟು ಎಂದು ಪಶುವೈದ್ಯರೇ ತೀರ್ಮಾನಿಸಬೇಕು. ಅಂಗಡಿಯಲ್ಲಿ ಕೇಳಿ ತಂದು ಕೊಡುವ ಔಷಧ ಅಲ್ಲ ಇದು. ಚುಕ್ಕಿ ಔಷಧ ಶುರು ಮಾಡಿದ ಮೇಲೆ ತನ್ನ ಹಾಸಿಗೆಗೆ ವಾಪಸ್ ಬಂದಳು.

ಹಾಗಾದರೆ ಆಪರೇಷನ್ ಮಾಡಿಸದೇ ಇರುವುದೇ ಒಳ್ಳೆಯದಾ?

ಹಾಗೆ ತೀರ್ಮಾನಿಸಬೇಡಿ. ಆಪರೇಷನ್ ಆಗದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ಅದು ಜೀವಕ್ಕೇ ಅಪಾಯ. ಮೊಲೆಯ ಗೆಡ್ಡೆಗಳ ಭಯವೂ ಹೆಚ್ಚು. ಬೇಡದ ಮರಿಗಳು ಬೀದಿಗೆ ಬೀಳುವುದು ಬೇರೆ. ಹಾಸಿಗೆ ಒದ್ದೆಯಾಗುವುದು ಔಷಧದಿಂದ ನಿಲ್ಲುವ ತೊಂದರೆ. ದೊಡ್ಡ ತಳಿಯ ಮರಿಯಾದರೆ ಯಾವ ವಯಸ್ಸಿನಲ್ಲಿ ಮಾಡಿಸುವುದು ಸರಿ ಎಂದು ವೈದ್ಯರ ಹತ್ತಿರ ಮಾತಾಡಿ. ತೀರಾ ಎಳೆ ವಯಸ್ಸಿನಲ್ಲಿ ಅವಸರ ಮಾಡುವುದು ಬೇಡ.

ಮರಿ ದಿನಾ ಹಾಸಿಗೆ ಒದ್ದೆ ಮಾಡುತ್ತದೆ. ಎಷ್ಟು ದಿನ ಹೀಗೆ?

ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಹಿಡಿತ ಬರುತ್ತದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಹುದು ಎಂಬುದು ಒಂದು ಅಂದಾಜು. ಎರಡು ತಿಂಗಳ ಮರಿಗೆ ಮೂರು ಗಂಟೆ, ಅದೂ ಮಲಗಿದ್ದರೆ. ಎಚ್ಚರ ಇದ್ದು ಆಡುತ್ತಿದ್ದರೆ ಅಷ್ಟೂ ಇಲ್ಲ. ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ಮೇಲೆ, ಆಟ ಆದ ಮೇಲೆ ಹೊರಗೆ ಎತ್ತಿಕೊಂಡು ಹೋಗಿ. ನಡೆಸಿಕೊಂಡು ಹೋದರೆ ಬಾಗಿಲ ಹತ್ತಿರವೇ ಕೆಲಸ ಮುಗಿದಿರುತ್ತದೆ. ರಾತ್ರಿ ಒಮ್ಮೆ ಅಲಾರಾಂ ಇಟ್ಟುಕೊಂಡು ಏಳಲೇಬೇಕಾಗುತ್ತದೆ.

ಕೆಲವು ಮರಿಗಳದು ಬೇರೆಯೇ ಕಥೆ. ಇಕ್ಕಟ್ಟಾದ ಪಂಜರದಲ್ಲಿ ಬೆಳೆದು ಮಾರಾಟಕ್ಕೆ ಬಂದ ಮರಿಗೆ ಉಚ್ಚೆ ಹೊಯ್ಯಲು, ಮಲಗಲು ಇದ್ದದ್ದು ಒಂದೇ ಜಾಗ. ಹುಟ್ಟಿನಿಂದ ಬಂದ ಶುಚಿಯ ಅಭ್ಯಾಸ ಅಲ್ಲೇ ಸತ್ತುಹೋಗಿರುತ್ತದೆ. ಇಂಥ ಮರಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಪಾಪ, ಅದರ ತಪ್ಪೇನೂ ಇಲ್ಲ. ಹಾಸಿಗೆಯನ್ನು ಮೈ ತಿರುಗಿಸುವಷ್ಟೇ ಅಗಲ ಇಡಿ. ದೊಡ್ಡ ಹಾಸಿಗೆಯಾದರೆ ಒಂದು ಮೂಲೆ ಬಚ್ಚಲಾಗುತ್ತದೆ, ಇನ್ನೊಂದು ಮೂಲೆ ಮಲಗಲು. ಹೊರಗೆ ಹೊಯ್ದ ಕೂಡಲೇ, ಅಲ್ಲೇ ನಿಂತು, ಚೂರು ತಿಂಡಿ ಕೊಟ್ಟು ಹೊಗಳಿ. ಮನೆಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟಿರಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಮರಿ ಮನೆಗೆ ಬಂದಾಗಿನಿಂದ ಹಗಲೂ ರಾತ್ರಿ ಹನಿ ಹನಿ ಸೋರುತ್ತಲೇ ಇದ್ದರೆ ಅದು ತರಬೇತಿಯ ವಿಷಯ ಅಲ್ಲ. ಕಿಡ್ನಿಯಿಂದ ಬರುವ ನಾಳ ಮೂತ್ರಕೋಶಕ್ಕೆ ಸೇರದೆ ಬೇರೆ ಕಡೆ ತೆರೆದುಕೊಂಡಿರಬಹುದು. ಹುಟ್ಟಿನಿಂದಲೇ ಇರುವ ದೋಷ ಇದು. ಹೆಣ್ಣುಮರಿಗಳಲ್ಲಿ, ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಹಸ್ಕಿಗಳಲ್ಲಿ ಹೆಚ್ಚು ಕಾಣುತ್ತದೆ. ಆಪರೇಷನ್ನಿನಿಂದ ಸರಿ ಮಾಡಲು ಸಾಧ್ಯ. ತಡ ಮಾಡಿದರೆ ಕಿಡ್ನಿಗೆ ಪೆಟ್ಟು.

ಬಹಳ ನೀರು ಕುಡಿಯುತ್ತದೆ. ರಾತ್ರಿ ನೀರಿನ ಬಟ್ಟಲು ಎತ್ತಿಟ್ಟರೆ ಆಗುತ್ತಾ?

ದಯವಿಟ್ಟು ಬೇಡ. ನಾಯಿ ಜಾಸ್ತಿ ಕುಡಿಯುವುದರಿಂದ ಜಾಸ್ತಿ ಹೊಯ್ಯುತ್ತದೆ ಎಂದು ನಮಗೆ ಅನಿಸುತ್ತದೆ. ಬಹಳ ಸಲ ಇದು ತಿರುಗುಮುರುಗು. ಕಾಯಿಲೆಯಿಂದ ನೀರು ಮೈಯಲ್ಲಿ ನಿಲ್ಲದೆ ಮೂತ್ರವಾಗಿ ಹೋಗುತ್ತಿರುತ್ತದೆ, ಅದನ್ನು ತುಂಬಿಕೊಳ್ಳಲು ಕುಡಿಯುತ್ತದೆ. ಕಿಡ್ನಿ ಸೋತ ನಾಯಿಗೆ ನೀರು ತಪ್ಪಿಸಿದರೆ ಒಂದೇ ರಾತ್ರಿಯಲ್ಲಿ ಪರಿಸ್ಥಿತಿ ಕೆಡಬಹುದು.

ಅದರ ಬದಲು ಅಳೆಯಿರಿ. ಬೆಳಿಗ್ಗೆ ಒಂದು ಲೀಟರ್ ಬಾಟಲಿಯಿಂದ ಅಳೆದು ಬಟ್ಟಲಿಗೆ ಹಾಕಿ. ಮಧ್ಯೆ ಹಾಕಿದ್ದನ್ನು ಬರೆದಿಡಿ. ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಎರಡು ಮೂರು ದಿನ ಹೀಗೆ ಮಾಡಿ. ಸಾಮಾನ್ಯವಾಗಿ ನಾಯಿ ದಿನಕ್ಕೆ ತೂಕದ ಪ್ರತಿ ಕೆಜಿಗೆ ಸುಮಾರು 50ರಿಂದ 60 ಮಿಲಿ ಲೀಟರ್ ಕುಡಿಯುತ್ತದೆ. 100 ಮಿಲಿ ದಾಟಿದರೆ ಪರೀಕ್ಷೆ ಬೇಕು. 20 ಕೆಜಿಯ ನಾಯಿಗೆ ಒಂದು ಲೀಟರ್ ಆಸುಪಾಸು ಸರಿ, ಎರಡು ಲೀಟರ್ ದಾಟಿದರೆ ಸರಿಯಲ್ಲ. ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚುತ್ತದೆ. ಒಣ ಪೆಡಿಗ್ರಿ ತಿನ್ನುವ ನಾಯಿ, ಮೊಸರನ್ನ ತಿನ್ನುವ ನಾಯಿಗಿಂತ ಜಾಸ್ತಿ ಕುಡಿಯುತ್ತದೆ.

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಕುಶಿಂಗ್ಸ್ ಎಂಬ ಹಾರ್ಮೋನ್ ಕಾಯಿಲೆ, ಗರ್ಭಕೋಶದ ಕೀವು, ಇವೆಲ್ಲದರಲ್ಲೂ ಬಾಯಾರಿಕೆ ಹೆಚ್ಚುತ್ತದೆ. ಇನ್ನೊಂದು ಕಾರಣವನ್ನು ಬಹಳ ಜನ ಮರೆತುಬಿಡುತ್ತಾರೆ. ಮೈ ಕೆರೆತಕ್ಕೆ ಇತ್ತೀಚೆಗೆ ಇಂಜೆಕ್ಷನ್ ಅಥವಾ ಮಾತ್ರೆ ಕೊಡಿಸಿದ್ದೀರಾ? ಅದರಲ್ಲಿ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಇದ್ದರೆ ನಾಯಿ ವಿಪರೀತ ಕುಡಿಯುತ್ತದೆ, ವಿಪರೀತ ಹೊಯ್ಯುತ್ತದೆ. ಹಾಗಂತ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು. ಕೊಟ್ಟ ವೈದ್ಯರಿಗೆ ಫೋನ್ ಮಾಡಿ ಕೇಳಿ.

ಯಾವುದು ಕಂಡರೆ ಒಂದು ದಿನವೂ ಕಾಯಬಾರದು?

ಗಂಡುನಾಯಿ ಮತ್ತೆ ಮತ್ತೆ ಕಾಲೆತ್ತುತ್ತದೆ, ತಿಣುಕುತ್ತದೆ, ಹನಿಯೂ ಬರುವುದಿಲ್ಲ ಎಂದರೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕ. ರಾತ್ರಿಯಾದರೂ ಹೊರಡಿ.

ಮೂತ್ರ ಕೆಂಪಗೆ ಅಥವಾ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಇದ್ದು, ಜ್ವರ ಬಂದು, ಊಟ ಬಿಟ್ಟಿದ್ದರೆ ಉಣ್ಣಿಯಿಂದ ಬರುವ ಬೆಬೀಸಿಯಾ ಜ್ವರ ಇರಬಹುದು. ನಮ್ಮ ಕಡೆ ಇದು ಅಪರೂಪ ಅಲ್ಲ. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಮಂಕಾಗಿ, ನೀರು ಜಾಸ್ತಿ ಕುಡಿಯುತ್ತಿದ್ದರೆ ಗರ್ಭಕೋಶದ ಕೀವಿನ ಅನುಮಾನ ಪಡಿ. ಹಿಂಗಾಲು ಎಳೆಯುತ್ತಾ ಉಚ್ಚೆಯ ಹಿಡಿತವೂ ತಪ್ಪಿದ್ದರೆ ಬೆನ್ನುಹುರಿಗೆ ತೊಂದರೆಯಾಗಿರಬಹುದು. ಡ್ಯಾಶ್‌ಹಂಡ್ ನಾಯಿಗಳಲ್ಲಿ ಏನೂ ಪೆಟ್ಟು ಬೀಳದೆಯೂ ಹೀಗೆ ಆಗುತ್ತದೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ಸ್ಕ್ಯಾನಿಂಗ್ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೂ ಹೋಗಬಹುದು.

ವೈದ್ಯರು ಮೂತ್ರದ ಸ್ಯಾಂಪಲ್ ತನ್ನಿ ಅಂದಿದ್ದಾರೆ. ನಾಯಿಯದು ಹಿಡಿಯುವುದು ಹೇಗೆ?

ಮೆಡಿಕಲ್ ಶಾಪಿನಲ್ಲಿ ಯೂರಿನ್ ಡಬ್ಬಿ ಸಿಗುತ್ತದೆ. ಅದರ ಜೊತೆ ಉದ್ದ ಹಿಡಿಯ ಹಳೇ ಸ್ಟೀಲ್ ಸೌಟು ಒಂದನ್ನು ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ ಇಟ್ಟುಕೊಳ್ಳಿ. ಬೆಳಿಗ್ಗೆ ಮೊದಲ ಸಲ ಹೊರಗೆ ಹೋದಾಗ ಸೌಟನ್ನು ನಿಮ್ಮ ಬೆನ್ನ ಹಿಂದೆ ಹಿಡಿದುಕೊಂಡಿರಿ. ನಾಯಿ ಕೂತ ಕೂಡಲೇ ಮುಂದೆ ತರಬೇಡಿ, ಗಾಬರಿಯಾಗಿ ಎದ್ದುಬಿಡುತ್ತದೆ. ಧಾರೆ ಶುರುವಾದ ಮೇಲೆ ಹಿಂದಿನಿಂದ ಮೆಲ್ಲಗೆ ತಳ್ಳಿ. ನೆಲಕ್ಕೆ ತೀರಾ ಹತ್ತಿರ ಕೂರುವ ಹೆಣ್ಣುನಾಯಿಗೆ ಸೌಟು ನುಗ್ಗದಿದ್ದರೆ ಚಪ್ಪಟೆ ತಟ್ಟೆ ಸಾಕು. ಒಂದೆರಡು ಚಮಚದಷ್ಟು ಸಿಕ್ಕರೂ ಪರೀಕ್ಷೆಗೆ ಆಗುತ್ತದೆ.

ಹಾಸಿಗೆಯಿಂದ ಹಿಂಡಿದ್ದು, ನೆಲದಿಂದ ಒರೆಸಿದ್ದು ಬೇಡ. ಆದಷ್ಟು ಬೇಗ ಲ್ಯಾಬಿಗೆ ಮುಟ್ಟಿಸಿ, ತಡವಾದರೆ ಫ್ರಿಡ್ಜಿನಲ್ಲಿಡಿ. ಯಾವ ರೋಗಾಣು ಎಂದು ಕಲ್ಚರ್ ಮಾಡಬೇಕಾದರೆ ವೈದ್ಯರೇ ಹೊಟ್ಟೆಯ ಮೂಲಕ ಸೂಜಿ ಹಾಕಿ ಮೂತ್ರಕೋಶದಿಂದ ತೆಗೆಯುತ್ತಾರೆ. ಕೇಳಲು ಭಯವಾಗುತ್ತದೆ, ಆದರೆ ನಾಯಿಗಳು ಸಾಮಾನ್ಯವಾಗಿ ಸುಮ್ಮನೆ ಮಲಗಿರುತ್ತವೆ. ಸೋಂಕಿಗೆ ಆಂಟಿಬಯಾಟಿಕ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಹಾಕಿ. ಎರಡು ದಿನಕ್ಕೆ ಹಾಸಿಗೆ ಒಣಗಿತು ಎಂದು ನಿಲ್ಲಿಸಿದರೆ ಸೋಂಕು ಮತ್ತೆ ಬರಬಹುದು.

ವಯಸ್ಸಾದ ನಾಯಿ. ಇನ್ನು ಇದು ಹೀಗೇ ಅಂತ ಬಿಟ್ಟುಬಿಡಬೇಕಾ?

ವಯಸ್ಸು ಕಾಯಿಲೆ ಅಲ್ಲ. ವಯಸ್ಸಾಯಿತು ಎಂದು ಕೈಬಿಟ್ಟ ಎಷ್ಟೋ ನಾಯಿಗಳಿಗೆ ಇರುವುದು ಮಂಡಿ, ಸೊಂಟದ ನೋವು. ಹೋಗಬೇಕು ಎಂದು ಗೊತ್ತಾಗುತ್ತದೆ, ಏಳಲು ಆಗುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ಮೇಲೆ ಹಿಂಗಾಲು ಜಾರುತ್ತದೆ, ಒಂದೆರಡು ಸಲ ಬಿದ್ದ ಮೇಲೆ ಪ್ರಯತ್ನವನ್ನೇ ಬಿಟ್ಟುಬಿಡುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಇನ್ನೂ ಕಷ್ಟ.

ಹಾಸಿಗೆಯಿಂದ ಬಾಗಿಲವರೆಗೆ ಯೋಗ ಮ್ಯಾಟ್ ಅಥವಾ ಗೋಣಿಚೀಲ ಹಾಸಿ. ಹಾಸಿಗೆಯನ್ನು ಬಾಗಿಲ ಹತ್ತಿರ ತನ್ನಿ. ಸಣ್ಣ ದೀಪ ಇರಲಿ. ನೀವು ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಕರೆದುಕೊಂಡು ಹೋಗಿ. ಏಳುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದರೆ ಅದಕ್ಕೆ ಎಷ್ಟೋ ಆರಾಮ. ನೋವಿಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್ ಮಾತ್ರ ಕೊಡಲೇಬೇಡಿ. ನಾಯಿಗೆ ಅವು ವಿಷ. ನಾಯಿಗೆಂದೇ ಬೇರೆ ನೋವಿನ ಔಷಧಗಳಿವೆ. ನೋವು ಕಡಿಮೆಯಾದ ಕೂಡಲೇ ತಾನಾಗಿಯೇ ಎದ್ದು ಬಾಗಿಲ ಹತ್ತಿರ ಬಂದು ನಿಲ್ಲುವ ಮುದಿ ನಾಯಿಗಳಿವೆ.

ಮೂಲೆಯಲ್ಲಿ ಗೋಡೆ ನೋಡುತ್ತಾ ನಿಲ್ಲುವುದು, ರಾತ್ರಿಯೆಲ್ಲ ಓಡಾಡಿ ಹಗಲು ಮಲಗುವುದು, ಮನೆಯವರನ್ನೇ ಗುರುತಿಸದಿರುವುದು ಕಂಡರೆ ಅದು ಮರೆವಿನ ಕಾಯಿಲೆ ಇರಬಹುದು. ಪೂರ್ತಿ ವಾಸಿಯಾಗದು. ಹೊತ್ತಿಗೆ ಸರಿಯಾಗಿ ಹೊರಗೆ ಕರೆದೊಯ್ಯುವುದು, ವೈದ್ಯರು ಹೇಳಿದ ಔಷಧ, ಇವುಗಳಿಂದ ದಿನಗಳು ಹಗುರಾಗುತ್ತವೆ.

ಬೈದರೆ, ಮೂಗು ಉಜ್ಜಿದರೆ ಕಲಿಯುವುದಿಲ್ಲವೇ?

ಇಲ್ಲ. ನಿದ್ದೆಯಲ್ಲಿ ಆದದ್ದಕ್ಕೆ ಹೊಡೆದರೆ ಕಲಿಯಲು ಅಲ್ಲಿ ಏನೂ ಇಲ್ಲ. ಎಚ್ಚರದಲ್ಲಿ ಹೊಯ್ದದ್ದಕ್ಕೆ ಹೊಡೆದರೆ ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಹೊಯ್ಯುವುದನ್ನು ಕಲಿಯುತ್ತದೆ. ಹೆದರುವ ನಾಯಿ ಹೆದರಿಕೆಯಿಂದಲೇ ಇನ್ನಷ್ಟು ಹೊಯ್ಯುತ್ತದೆ.

ದೀಪಾವಳಿ ಸಮಯದಲ್ಲಿ ಮಾತ್ರ ಹೀಗೆ ಆಗುತ್ತದೆ.

ಪಟಾಕಿಯ ಭಯ. ಕತ್ತಲಾಗುವ ಮುಂಚೆಯೇ ಹೊರಗೆ ಸುತ್ತಾಡಿಸಿ, ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ನೀವೂ ಜೊತೆಗಿರಿ. ವಿಪರೀತ ನಡುಗುವ ನಾಯಿಗೆ ವೈದ್ಯರು ಮೊದಲೇ ಔಷಧ ಬರೆದುಕೊಡುತ್ತಾರೆ. ಹಬ್ಬಕ್ಕೆ ಒಂದು ವಾರ ಮುಂಚೆ ಹೋಗಿ ಕೇಳಿ.

ಯಾವ ಹಾಸಿಗೆ ಒಳ್ಳೆಯದು? ವಾಸನೆ ಹೋಗಿಸುವುದು ಹೇಗೆ?

ಪೇಟೆಯ ದುಬಾರಿ ಹಾಸಿಗೆಗಳಲ್ಲಿ ಸ್ಪಂಜು ಒಳಗೇ ಹೊಲಿದಿರುತ್ತದೆ. ಒಮ್ಮೆ ಉಚ್ಚೆ ಇಳಿದರೆ ಮುಗಿಯಿತು. ನನಗೆ ಹಿಡಿಸಿರುವುದು ಮೂರು ಪದರದ ಹಾಸಿಗೆ. ತಳದಲ್ಲಿ ರೆಕ್ಸಿನ್ ಹೊದಿಸಿದ ದಪ್ಪ ಸ್ಪಂಜು. ಅದರ ಮೇಲೆ ಮಗುವಿಗೆ ಹಾಸುವ ಡ್ರೈ ಶೀಟ್. ಮೇಲೆ ಹಳೇ ಹತ್ತಿ ಸೀರೆಯ ಕೌದಿ. ಕೌದಿ ನಾಲ್ಕೈದು ಇದ್ದರೆ ಒಂದು ಒಗೆಯಲು, ಒಂದು ಒಣಗಲು, ಒಂದು ಹಾಸಲು ಸರಿಹೋಗುತ್ತದೆ. ಮುಧೋಳ ನಾಯಿಯಂಥ ಎಲುಬು ಎದ್ದು ಕಾಣುವ, ಕೂದಲು ತೆಳುವಾದ ನಾಯಿಗಳಿಗೆ ತಳದ ಸ್ಪಂಜು ಇನ್ನೂ ದಪ್ಪ ಇರಲಿ, ಇಲ್ಲದಿದ್ದರೆ ಮೊಣಕೈ, ಸೊಂಟ ಒತ್ತಿ ಹುಣ್ಣಾಗುತ್ತದೆ.

ಒದ್ದೆಯಾದ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಜಾಲಾಡಿ. ಆಮೇಲೆ ಒಂದು ಭಾಗ ಬಿಳಿ ವಿನೆಗರ್, ಎರಡು ಭಾಗ ನೀರು ಸೇರಿಸಿ ಅರ್ಧ ಗಂಟೆ ನೆನೆಸಿ, ಸೋಪಿನಲ್ಲಿ ಒಗೆದು, ಸುಡುಬಿಸಿಲಲ್ಲಿ ಹಾಕಿ. ವಾಸನೆ ಹಟ ಹಿಡಿದರೆ ಎಂಜೈಮ್ ಇರುವ ಕ್ಲೀನರ್ ಪೆಟ್ ಶಾಪಿನಲ್ಲಿ ಸಿಗುತ್ತದೆ. ಫಿನಾಯಿಲ್ ಬೇಡ. ಅದು ವಾಸನೆಯನ್ನು ನಮ್ಮ ಮೂಗಿನಿಂದ ಮುಚ್ಚಿಡುತ್ತದೆ, ನಾಯಿಯ ಮೂಗಿನಿಂದ ಅಲ್ಲ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ಹೊಟ್ಟೆಗೂ ಕೇಡು. ಅಮೋನಿಯಾ ಇರುವ ಕ್ಲೀನರುಗಳೂ ಬೇಡ, ಉಚ್ಚೆಯಲ್ಲೂ ಅದೇ ವಾಸನೆ ಇರುತ್ತದೆ.

ಡೈಪರ್ ಹಾಕಬಹುದಾ?

ರಾತ್ರಿಗೆ, ಪ್ರಯಾಣಕ್ಕೆ ಹಾಕಬಹುದು. ಇಡೀ ದಿನ ಬೇಡ. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಉಚ್ಚೆ ತಾಗಿಕೊಂಡೇ ಇದ್ದರೆ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಆ ಜಾಗದ ಉದ್ದ ಕೂದಲು ಕತ್ತರಿಸಿಕೊಳ್ಳಿ. ಮಕ್ಕಳಿಗೆ ಹಚ್ಚುವ ಡೈಪರ್ ಕ್ರೀಮ್ ಹಚ್ಚಬೇಡಿ. ಅದರಲ್ಲಿ ಸಾಮಾನ್ಯವಾಗಿ ಝಿಂಕ್ ಆಕ್ಸೈಡ್ ಇರುತ್ತದೆ, ನಾಯಿ ನೆಕ್ಕಿದರೆ ಅಪಾಯ.

ಬಾರ್ಲಿ ನೀರು, ಎಳನೀರು ಕೊಟ್ಟರೆ ವಾಸಿಯಾಗುತ್ತದೆ ಎನ್ನುತ್ತಾರೆ.

ಸ್ವಲ್ಪ ಕೊಟ್ಟರೆ ಕೇಡಿಲ್ಲ. ಆದರೆ ಸೋಂಕು, ಕಲ್ಲು, ಸಡಿಲವಾದ ಸ್ನಾಯು ಇವುಗಳಲ್ಲಿ ಯಾವುದೂ ಅದರಿಂದ ವಾಸಿಯಾಗುವುದಿಲ್ಲ. ಕಿಡ್ನಿ ತೊಂದರೆ ಇರುವ ನಾಯಿಗೆ ಎಳನೀರನ್ನು ಕೇಳದೆ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಮನೆಯಲ್ಲಿ ಚಿಕ್ಕ ಮಗು ಇದೆ. ನಾಯಿ ಉಚ್ಚೆಯಿಂದ ನಮಗೆ ರೋಗ ಬರುತ್ತದಾ?

ಆರೋಗ್ಯವಂತ ನಾಯಿಯದಾದರೆ ಹೆದರಬೇಕಿಲ್ಲ, ಕೈ ತೊಳೆದರೆ ಸಾಕು. ಎಚ್ಚರ ಬೇಕಾಗಿರುವುದು ಇಲಿ ಜ್ವರದ ಬಗ್ಗೆ. ಇಲಿ ಉಚ್ಚೆ ಬೆರೆತ ಮಳೆನೀರಿನಿಂದ ನಾಯಿಗೆ ತಗಲುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರಬಹುದು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ನಾಯಿಗೆ ಜ್ವರ, ವಾಂತಿ, ಕಣ್ಣು ಹಳದಿ ಕಂಡರೆ ಕೈಗವಸು ಹಾಕದೆ ಹಾಸಿಗೆ ಮುಟ್ಟಬೇಡಿ, ಆವತ್ತೇ ವೈದ್ಯರಿಗೆ ತೋರಿಸಿ. ವರ್ಷಕ್ಕೊಮ್ಮೆ ಹಾಕಿಸುವ ಸೆವೆನ್ ಇನ್ ಒನ್, ನೈನ್ ಇನ್ ಒನ್ ಲಸಿಕೆಗಳಲ್ಲಿ ಇಲಿ ಜ್ವರದ್ದೂ ಸೇರಿರುತ್ತದೆ. ನಿಮ್ಮ ನಾಯಿಯ ಲಸಿಕೆ ಪುಸ್ತಕ ತೆಗೆದು ತಾರೀಕು ನೋಡಿ.

ಔಷಧ ಜೀವನಪೂರ್ತಿ ಹಾಕಬೇಕಾ?

ಸೋಂಕಿಗೆ ಬೇಕಿಲ್ಲ. ಸ್ನಾಯು ಸಡಿಲವಾದ ತೊಂದರೆಗೆ ಬಹುತೇಕ ಬೇಕು, ಆದರೆ ಹಿಡಿತ ಬಂದ ಮೇಲೆ ವೈದ್ಯರು ಕಡಿಮೆ ಪ್ರಮಾಣಕ್ಕೆ ತರುತ್ತಾರೆ. ಔಷಧ ತಪ್ಪದೆ ಹಾಕುತ್ತಿದ್ದರೂ ಮತ್ತೆ ಒದ್ದೆ ಶುರುವಾದರೆ ಪ್ರಮಾಣ ನೀವೇ ಏರಿಸಬೇಡಿ. ಹೊಸದಾಗಿ ಸೋಂಕು ಸೇರಿಕೊಂಡಿರಬಹುದು. ಇನ್ನೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ.